ದಯವಿಟ್ಟು ಒಪ್ಪಿಕೊಳ್ಳಿ

ಮಧ್ಯಾಹ್ನ ಒಂದೂ ನಲವತ್ತಕ್ಕೆ ಕಂಪ್ಯೂಟರಿನ ಪರದೆಯ ಮೇಲೆ ಒಂದು ಕೆಂಪು ಚೌಕ ಎದ್ದು ಮಿಣಮಿಣ ಎನ್ನತೊಡಗಿತು. ಅದರೊಳಗೆ ಎರಡೇ ಮಾತು:

"ದೋಷ ಕಂಡುಬಂದಿದೆ. ದಯವಿಟ್ಟು ಒಪ್ಪಿಕೊಳ್ಳಿ."

ಕೆಳಗೊಂದು ಹಸಿರು ಗುಂಡಿ. ಗುಂಡಿಯ ಪಕ್ಕದಲ್ಲಿ, ಇರುವೆಯಷ್ಟು ಚಿಕ್ಕ ಅಕ್ಷರಗಳಲ್ಲಿ, ಅಲ್ಲಪ್ಪನ ಪೂರ್ತಿ ಹೆಸರು, ತಾರೀಕು, ಗಂಟೆ, ನಿಮಿಷ, ಸೆಕೆಂಡು.

ಅಲ್ಲಪ್ಪ ಕುರ್ಚಿಯನ್ನು ಒಂದಡಿ ಹಿಂದಕ್ಕೆ ಎಳೆದುಕೊಂಡ.

"ನಾನಲ್ಲಪ್ಪ," ಎಂದ, ಕಂಪ್ಯೂಟರಿಗೆ.

ಅಲ್ಲಪ್ಪ ಎನ್ನುವುದು ಅವನ ನಿಜವಾದ ಹೆಸರಲ್ಲ. ವಿದ್ಯುತ್ ಸ್ಟೇಷನ್ನಿಗೆ ಆಪರೇಟರ್ ಆಗಿ ಸೇರಿದ ಎರಡನೇ ವರ್ಷ ಒಂದು ಫ್ಯೂಸ್ ಸುಟ್ಟಿತ್ತು. ಆಗಿನ ಸಾಹೇಬರು, "ಸುಮ್ನೆ ಒಂದು ಸೈನ್ ಹಾಕ್ರೀ, ಏನೂ ಆಗಲ್ಲ" ಎಂದರು. ಹಾಕಿದ. ಒಂದು ವಾರ ಏನೂ ಆಗಲಿಲ್ಲ. ಎಂಟನೇ ದಿನ ಮೆಮೊ ಬಂತು. ಮೆಮೊಗೆ ಉತ್ತರ, ಉತ್ತರಕ್ಕೆ ಪ್ರಶ್ನೆ, ಪ್ರಶ್ನೆಗೆ ವಿವರಣೆ ಎಂದು ನಾಲ್ಕು ವರ್ಷ ಅವನ ಚಪ್ಪಲಿ ಸವೆಯಿತು. ಅಂದಿನಿಂದ ಯಾರು ಏನೇ ಕೇಳಲಿ, ಪ್ರಶ್ನೆ ಮುಗಿಯುವ ಮೊದಲೇ ಬಾಯಿಂದ "ನಾನಲ್ಲಪ್ಪ" ಎಂದು ಬಂದುಬಿಡುತ್ತಿತ್ತು. "ಊಟ ಆಯ್ತಾ?" ಎಂದರೂ ಒಮ್ಮೊಮ್ಮೆ ಅದೇ. ಹೀಗಾಗಿ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯಿತು; ಜನರ ಬಾಯಲ್ಲಿ ಅವನು ಅಲ್ಲಪ್ಪನಾದ.

ಮೊದಲೆಲ್ಲ ಕಂಟ್ರೋಲ್ ರೂಮಿನ ಗೋಡೆಯುದ್ದಕ್ಕೂ ಮುಳ್ಳಿನ ಮೀಟರುಗಳಿದ್ದವು. ಮುಳ್ಳು ಎಲ್ಲಿದೆ ನೋಡುವುದು, ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆಯುವುದು. ಪೆನ್ಸಿಲ್ ಬಹಳ ಒಳ್ಳೆಯ ವಸ್ತು. ಅದರ ಹಿಂದುಗಡೆ ರಬ್ಬರ್ ಇರುತ್ತದೆ. ಹೋದ ತಿಂಗಳು ಮೀಟರುಗಳನ್ನೆಲ್ಲ ಕಿತ್ತು, ಟ್ರಾನ್ಸ್‌ಫಾರ್ಮರು, ಬ್ರೇಕರು, ಕೇಬಲ್ಲು ಎಲ್ಲಕ್ಕೂ ಸೆನ್ಸರ್ ಅಂಟಿಸಿ, ಬೀರುವಿನಂಥ ಮೂರು ಕ್ಯಾಬಿನೆಟ್ ತಂದು ನಿಲ್ಲಿಸಿ, ಎಲ್ಲವನ್ನೂ ಒಂದು ಪರದೆಗೆ ಇಳಿಸಿದರು. ಈಗ ಯಾವ ಯಂತ್ರಕ್ಕೆ ಎಲ್ಲಿ ನೆಗಡಿಯಾದರೂ ಪರದೆ ಹೇಳುತ್ತದೆ. ಬರೀ ತೋರಿಸುವುದಲ್ಲ, ಬಾಯಿಬಿಟ್ಟೇ ಹೇಳುತ್ತದೆ. ಆ ಹೆಂಗಸಿನ ದನಿ ಥೇಟ್ ಅಲ್ಲಪ್ಪನ ಅತ್ತಿಗೆಯದು: ಮೆತ್ತಗೆ, ಸಿಟ್ಟಿಲ್ಲದೆ, ಎದುರಿನವರು ಸೋಲುವ ತನಕ. ಅವನು ಹಾಗೆಂದ ದಿನದಿಂದ ಆಫೀಸಿನಲ್ಲಿ ಎಲ್ಲರೂ ಆ ಯಂತ್ರವನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು.

ಅತ್ತಿಗೆಗೆ ಮಾತ್ರ ರಬ್ಬರ್ ಇರಲಿಲ್ಲ.

"ಮೂರನೇ ಕ್ಯಾಬಿನೆಟ್. ತಾಪಮಾನ ಐವತ್ತೆರಡು. ದಯವಿಟ್ಟು ಒಪ್ಪಿಕೊಳ್ಳಿ," ಎಂದಳು ಅತ್ತಿಗೆ.

ಬೇರೆ ದಿನವಾಗಿದ್ದರೆ ಅಲ್ಲಪ್ಪ ಕಿವಿಗೆ ಹತ್ತಿ ಇಟ್ಟುಕೊಂಡು ಕೂರುತ್ತಿದ್ದ. ಇವತ್ತು ಹಾಗಲ್ಲ. ಮೂರು ಗಂಟೆಗೆ ದೊಡ್ಡ ಸಾಹೇಬರು ಬರುವವರಿದ್ದರು. ಹೊಸ ವ್ಯವಸ್ಥೆ ನೋಡಿಕೊಳ್ಳಲು ಒಬ್ಬ ಇನ್‌ಚಾರ್ಜ್ ಬೇಕಾಗಿದ್ದ. ಹತ್ತರಿಂದ ಐದೂವರೆ, ಪಕ್ಕಾ ಹಗಲು ಡ್ಯೂಟಿ. ಸೀನಿಯಾರಿಟಿಯಲ್ಲಿ ಇದ್ದವರು ಇಬ್ಬರೇ: ಒಬ್ಬ ಅಲ್ಲಪ್ಪ, ಇನ್ನೊಬ್ಬರು ರಜಾರಾಯರು. ಅವರ ಹೆಸರಿಗೆ ವಿವರಣೆ ಬೇಕಿಲ್ಲ. ಇವತ್ತೂ ಅವರು ರಜದಲ್ಲೇ ಇದ್ದರು. ದವಡೆ ಹಲ್ಲು ಕೀಳಿಸಲು. ಹಾಗಾಗಿ ಇವತ್ತೊಂದು ದಿನ ಹಗಲು ಪಾಳಿ ಅಲ್ಲಪ್ಪನ ಪಾಲಿಗೆ ಬಂದಿತ್ತು.

ಹಗಲು ಡ್ಯೂಟಿ ಎಂದರೆ ಅಲ್ಲಪ್ಪನ ಮನೆಗೆ ಮರುಜನ್ಮ. ಹತ್ತೊಂಬತ್ತು ವರ್ಷದಿಂದ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವ ಅವನಿಗಾಗಿ ಇಡೀ ಮನೆ ಪಿಸುಗುಡುತ್ತಿತ್ತು. ಮಗಳು ಪಾಠವನ್ನು ತುಟಿಯಲ್ಲೇ ಓದಿ ಹತ್ತನೇ ಕ್ಲಾಸಿಗೆ ಬಂದಿದ್ದಳು. ಹೆಂಡತಿಯಂತೂ ಕುಕ್ಕರ್ ಕೂಗುವುದಕ್ಕೆ ಒಂದು ಸೆಕೆಂಡ್ ಮುಂಚೆ ಓಡಿಬಂದು ಒಲೆ ಆರಿಸುವುದನ್ನು ಒಂದು ವಿದ್ಯೆಯಂತೆ ಕಲಿತಿದ್ದಳು. ಇವತ್ತು ಬೆಳಿಗ್ಗೆ ಊಟದ ಡಬ್ಬಿ ಕೈಗಿಡುತ್ತ ಅವಳು ಹೇಳಿದ್ದು ಇಷ್ಟೇ: "ರೀ, ನಮ್ಮ ಕುಕ್ಕರ್ ಒಂದು ದಿನ ಬಾಯಿಬಿಟ್ಟು ಕೂಗೋದನ್ನ ನಾನು ಕೇಳ್ಬೇಕು."

ಇನ್‌ಚಾರ್ಜ್ ಆಗಲು ದಾಖಲೆ ಶುದ್ಧವಾಗಿರಬೇಕು ಎಂಬುದು ಅಲ್ಲಪ್ಪನ ಲೆಕ್ಕ. ಫ್ಯೂಸಿನ ಮೆಮೊ ಹಳೆಯದಾಗಿ ಗೆದ್ದಲು ಹಿಡಿದಿತ್ತು. ಹೋಗಿ ಹೋಗಿ ಇವತ್ತೇ, ಸಾಹೇಬರು ಬರುವ ಒಂದು ಗಂಟೆ ಮುಂಚೆ, ಹೆಸರು ಸಮೇತ "ದೋಷ ಒಪ್ಪಿಕೊಂಡೆ" ಎಂದು ಗುಂಡಿ ಒತ್ತುವುದೇ?

ಅವನು ಎದ್ದು ಮೂರನೇ ಕ್ಯಾಬಿನೆಟ್ಟಿನ ಬಾಗಿಲು ತೆಗೆದ. ಒಳಗೆ ಎಲ್ಲ ದೀಪಗಳೂ ಹಸಿರಾಗಿ, ಒಳ್ಳೆಯ ಮಕ್ಕಳಂತೆ ಸಾಲಾಗಿ ಕೂತಿದ್ದವು. ಫ್ಯಾನ್ ತಿರುಗುತ್ತಿತ್ತು. ಸುಟ್ಟ ವಾಸನೆ ಇಲ್ಲ. ಮುಟ್ಟಿ ನೋಡಿದರೆ ಮಾತ್ರ ಜ್ವರ ಬಂದವರ ಹಣೆಯ ಹಾಗೆ ಬಿಸಿ.

ಅಷ್ಟರಲ್ಲಿ ಲೈನ್‌ಮ್ಯಾನ್ ಒಳಗೆ ಬಂದ. ಕಂಬ ಹತ್ತಲು ಇವನಿಗೆ ಏಣಿ ಬೇಕಿಲ್ಲ ಎನ್ನುವಷ್ಟು ಉದ್ದವಿದ್ದುದರಿಂದ ಅವನನ್ನೇ ಎಲ್ಲರೂ ಏಣಿ ಎನ್ನುತ್ತಿದ್ದರು.

"ಏನಣ್ಣಾ, ಅತ್ತಿಗೆ ಅಷ್ಟೊತ್ತಿಂದ ಕೂಗ್ತಾ ಇದಾಳೆ?" ಎಂದವನೇ ಕ್ಯಾಬಿನೆಟ್ಟಿನ ತಲೆಯ ಮೇಲೆ ಮೊಣಕೈ ಊರಲು ಹೋದ. ಅಲ್ಲಿ ಅಲ್ಲಪ್ಪನ ಊಟದ ಚೀಲವಿತ್ತು. ಅದನ್ನು ಒಂದಷ್ಟು ಹಿಂದಕ್ಕೆ ತಳ್ಳಿ, ಕೈಗೆ ಜಾಗ ಮಾಡಿಕೊಂಡು ಆರಾಮವಾಗಿ ಒರಗಿದ.

"ಒಪ್ಪಿಕೋಬೇಕಂತೆ ಕಣೋ."

"ಏನನ್ನ?"

"ದೋಷ."

"ಯಾರು ಮಾಡಿದ್ದು?"

"ನಾನಲ್ಲಪ್ಪ!"

"ಮತ್ತೆ ಪ್ಲಗ್ ಕಿತ್ತುಬಿಡೋಣ ಬಿಡಿ."

"ಯಾರು ಕಿತ್ತಿದ್ದು ಅಂತಾನೂ ಬರ್ಕೊಳುತ್ತೆ ಅದು. ಬೇಡ, ನೀನೇ ಒಂದ್ಸಲ ಒತ್ತಿಬಿಡು ಮಾರಾಯ. ಒಂದು ಬೆರಳು ತಾನೇ?"

ಏಣಿ ಬಗ್ಗಿ ಪರದೆ ನೋಡಿದ. "ಬೆರಳು ನಂದೇ ಅಣ್ಣಾ. ಹೆಸರು ನಿಮ್ದಲ್ವಾ?"

"ತಾಪಮಾನ ಐವತ್ತೇಳು," ಎಂದಳು ಅತ್ತಿಗೆ.

ಹತ್ತು ನಿಮಿಷ ಯಾರೂ ಒಪ್ಪಿಕೊಳ್ಳದಿದ್ದರೆ ಸುದ್ದಿ ತಾನಾಗಿಯೇ ಜೂನಿಯರ್ ಎಂಜಿನಿಯರ್ ಮೇಡಂ ಮೊಬೈಲಿಗೆ ಹೋಗುತ್ತದೆ. ಅರ್ಧ ಗಂಟೆಯಾದರೆ ಆಪರೇಟರ್ ಕೊಟ್ಟ ತುರ್ತು ನಂಬರಿಗೆ. ಒಂದು ಗಂಟೆಯಾದರೆ ನೇರ ದೊಡ್ಡ ಸಾಹೇಬರಿಗೆ. ಸಾಹೇಬರನ್ನು ಕರೆತರಲು ಹೋಗಿದ್ದ ಮೇಡಂ ಸರಿಯಾಗಿ ಹತ್ತನೇ ನಿಮಿಷಕ್ಕೆ ಫೋನ್ ಮಾಡಿದರು.

"ಅಲ್ಲಪ್ಪನವ್ರೇ, ಯಾಕೆ ಒಪ್ಪಿಕೊಂಡಿಲ್ಲ?"

"ನಾನೇನೂ ಮಾಡಿಲ್ಲ ಮೇಡಂ."

"ಅಯ್ಯೋ, ಅದು ತಪ್ಪು ಒಪ್ಪಿಕೊಳ್ಳೋದಲ್ಲ. ಅಲಾರಂ ಬಂದಿದ್ದನ್ನ ನೋಡಿದೀನಿ ಅಂತ ಹೇಳೋದು, ಅಷ್ಟೇ. ಕಂಪನಿಯವ್ರು ಕನ್ನಡ ಮಾಡೋವಾಗ ಹಾಗೆ ಹಾಕ್ಬಿಟ್ಟಿದಾರೆ. ಎಪ್ಪತ್ತು ದಾಟಿದ್ರೆ ಆ ಕ್ಯಾಬಿನೆಟ್ ತಾನೇ ಆಫ್ ಆಗುತ್ತೆ, ಪರದೆ ಪೂರ್ತಿ ಕಪ್ಪು. ಸಾಹೇಬ್ರಿಗೆ ಏನು ತೋರ್ಸೋದು ನಾವು?"

ಅಲ್ಲಪ್ಪನ ಮನಸ್ಸು ಕರಗಿತು. ಹುಡುಗಿ ಓದಿದವಳು, ಸುಳ್ಳು ಹೇಳುವವಳಲ್ಲ. ಅವನ ಬೆರಳು ಗುಂಡಿಯ ಹತ್ತಿರ ಹೋಯಿತು. ಮುಟ್ಟುವುದಕ್ಕೆ ಒಂದು ಕೂದಲೆಳೆ ಇತ್ತು.

"ಸುಮ್ನೆ ಒತ್ತಿ ಅಲ್ಲಪ್ಪನವ್ರೇ," ಎಂದರು ಮೇಡಂ, "ಏನೂ ಆಗಲ್ಲ."

ಬೆರಳು ಬಿಸಿ ತವೆ ಮುಟ್ಟಿದಂತೆ ಹಿಂದಕ್ಕೆ ಬಂತು.

"ಮೇಡಂ, ಸಿಗ್ನಲ್ ಹೋಗ್ತಾ ಇದೆ... ಹಲೋ? ಹಲೋ?" ಎಂದು ಅಲ್ಲಪ್ಪ ಫೋನ್ ಇಟ್ಟ.

ಸದ್ದು ಕೇಳಿ ಪಕ್ಕದ ಆಫೀಸಿನಿಂದ ಗುಮಾಸ್ತ ಬಂದ. ನೌಕರರ ಸಂಘದ ಕಾರ್ಯದರ್ಶಿಯೂ ಅವನೇ. ಬಾಯಿ ತೆರೆಯುವ ಮೊದಲು ಬೆರಳೆತ್ತುವ ಅಭ್ಯಾಸವಿದ್ದುದರಿಂದ ಪಾಯಿಂಟ್ ಎಂದು ಅವನಿಗೆ ಹೆಸರು.

"ಪಾಯಿಂಟ್ ಒಂದು," ಎಂದು ಬೆರಳೆತ್ತಿದ ಪಾಯಿಂಟ್. "ದೋಷ ಅಂದ್ರೇನು? ತಪ್ಪು. ಒಪ್ಪಿಕೊಳ್ಳೋದು ಅಂದ್ರೇನು? ತಪ್ಪೊಪ್ಪಿಗೆ. ಪೊಲೀಸ್ ಸ್ಟೇಷನ್ನಲ್ಲಿ ನಾಲ್ಕು ಬಿಟ್ಟಾದ ಮೇಲೆ ಒಪ್ಕೋ ಅಂತಾರೆ. ಇದು ಒಂದೇಟೂ ಹೊಡೀದೆ ದಯವಿಟ್ಟು ಅಂತಿದೆ. ಅದೇ ನಂಗೆ ಅನುಮಾನ."

"ಮೇಡಂ ಏನೋ ಬರೀ ನೋಡಿದೀನಿ ಅನ್ನೋದಕ್ಕೆ ಅಂದ್ರಪ್ಪ."

"ಪಾಯಿಂಟ್ ಎರಡು. ಅದನ್ನ ಬರವಣಿಗೆಯಲ್ಲಿ ಕೊಟ್ರಾ?"

"ಇಲ್ಲ."

"ಮುಗೀತು." ಪಾಯಿಂಟ್ ಕುರ್ಚಿ ಎಳೆದು ಕೂತ. "ಅಲ್ಲಪ್ಪಾ, ನೀನು ನಂಗೆ ತಮ್ಮನ ಸಮಾನ. ಪ್ರಾಣ ಹೋದ್ರೂ ಆ ಗುಂಡಿ ಒತ್ತಬೇಡ."

"ಬಾಯಿ ಒಣಗ್ತಿದೆ ಕಣಯ್ಯಾ."

"ನೀರು ಕುಡಿ. ಗುಂಡಿ ಒತ್ತಬೇಡ."

"ತಾಪಮಾನ ಅರವತ್ತೊಂದು. ದಯವಿಟ್ಟು ಒಪ್ಪಿಕೊಳ್ಳಿ." ಅತ್ತಿಗೆಯ ದನಿ ಮೊದಲಿನಷ್ಟೇ ಮೆತ್ತಗಿತ್ತು. ಅದೇ ಭಯ.

ಅರ್ಧ ಗಂಟೆಗೆ ಅಲ್ಲಪ್ಪನ ಫೋನ್ ಬಡಿದುಕೊಂಡಿತು. ಹೆಂಡತಿ. ತುರ್ತು ನಂಬರ್ ಯಾವುದೆಂದು ಕೇಳಿದಾಗ ತನ್ನದು ಬೇಡವೆಂದು ಅವಳದನ್ನೇ ಕೊಟ್ಟಿದ್ದು ಅವನಿಗೆ ಈಗ ನೆನಪಾಯಿತು.

"ಏನ್ರೀ ಇದು? 'ಆಪರೇಟರ್ ಎರಡು ಇನ್ನೂ ದೋಷ ಒಪ್ಪಿಕೊಂಡಿಲ್ಲ, ಅವಧಿ ಮೂವತ್ತು ನಿಮಿಷ' ಅಂತ ನಂಗೆ ಮೆಸೇಜ್ ಬಂದಿದೆ. ಯಾರ್ರೀ ಇದನ್ನ ಕಳ್ಸಿದ್ದು?"

"ಮಿಷನ್ ಕಣೇ."

"ಮೂವತ್ತು ನಿಮಿಷಕ್ಕೇ ಇಷ್ಟು ಬೇಜಾರಾಗಿದೆಯಾ ಅದಕ್ಕೆ? ಹತ್ತೊಂಬತ್ತು ವರ್ಷದಿಂದ ನನ್ ಹತ್ರ ಒಂದೂ ಒಪ್ಪಿಕೊಂಡಿಲ್ಲ ಅಂತ ಹೇಳ್ರೀ ಅದಕ್ಕೆ. ಇಲ್ಲಿ ಕೇಳಿ, ಡ್ಯೂಟಿ ವಿಷಯ ಏನಾಯ್ತು?"

"ಸಾಹೇಬ್ರು ಇನ್ನೂ ಬಂದಿಲ್ಲ."

"ಬಂದಾಗ ಬಾಯಿ ಮುಚ್ಕೊಂಡಿರಿ, ಪುಣ್ಯ ಬರುತ್ತೆ. ಏನು ಕೇಳಿದ್ರೂ ನಾನಲ್ಲಪ್ಪ ಅನ್ಬೇಡಿ."

ಫೋನ್ ಇಟ್ಟು ಗಡಿಯಾರ ನೋಡಿದರೆ ಎರಡು ಹದಿನೈದು. ಒಂದು ಗಂಟೆ ತುಂಬಲು ಇಪ್ಪತ್ತೈದೇ ನಿಮಿಷ. ಆಮೇಲೆ ಅತ್ತಿಗೆ ಸಾಹೇಬರಿಗೇ ಹೇಳುತ್ತಾಳೆ. ಅಷ್ಟರೊಳಗೆ ಎಪ್ಪತ್ತು ಮುಟ್ಟಿದರೆ ಹೇಳುವುದಕ್ಕೆ ಅವಳೂ ಇರುವುದಿಲ್ಲ. ಒತ್ತಿದರೆ ಹೆಸರು ಕೆಡುತ್ತದೆ, ಒತ್ತದಿದ್ದರೆ ಕೆಲಸ ಕೆಡುತ್ತದೆ. ಅಲ್ಲಪ್ಪ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾದ. ಎದ್ದ, ಕೂತ, ಕಿಟಕಿ ತೆಗೆದ, ಫ್ಯಾನ್ ಜೋರು ಮಾಡಿದ, ಒಂದು ಹಳೆಯ ರಟ್ಟು ಹಿಡಿದು ಕ್ಯಾಬಿನೆಟ್ಟಿಗೆ ಗಾಳಿ ಹಾಕಿದ. ಏಣಿಯೂ ಒಂದು ಕಡೆಯಿಂದ ಊದಿದ.

"ಅರವತ್ತಾರು," ಎಂದಳು ಅತ್ತಿಗೆ.

ಊದಿ ಊದಿ ಸುಸ್ತಾದ ಏಣಿಯ ಕಣ್ಣು ಗೋಡೆಯ ಮೇಲಿನ ನೋಟಿಸಿಗೆ ಹೋಯಿತು. "ಒಬ್ಬರ ಪಾಸ್‌ವರ್ಡನ್ನು ಇನ್ನೊಬ್ಬರು ಬಳಸತಕ್ಕದ್ದಲ್ಲ. ಬಳಸಿದವರನ್ನು ಸಸ್ಪೆಂಡ್ ಮಾಡಲಾಗುವುದು." ಅದರ ಕೆಳಗೇ, ಮರೆತುಹೋಗದಿರಲೆಂದು, ರಜಾರಾಯರು ತಮ್ಮ ಪಾಸ್‌ವರ್ಡನ್ನು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು.

"ಅಣ್ಣಾ," ಎಂದ ಏಣಿ ಮೆಲ್ಲಗೆ, "ರಜಾರಾಯರ ಹೆಸ್ರಲ್ಲಿ ಒಳಗೆ ಹೋಗಿ ಒಪ್ಪಿಕೊಂಡುಬಿಟ್ರೆ?"

"ಛೆ! ಅವ್ರ ಮೇಲೆ ಮೆಮೊ ಬರುತ್ತಲ್ಲೋ!"

"ಪಾಯಿಂಟ್ ಮೂರು!" ಪಾಯಿಂಟ್ ಎದ್ದೇ ನಿಂತ. "ರಾಯರು ಇವತ್ತು ರಜ. ರಜದಲ್ಲಿರೋನು ಇಲ್ಲಿ ತಪ್ಪು ಮಾಡೋಕೆ ಆಗಲ್ಲ. ತಪ್ಪು ಮಾಡೋಕೇ ಆಗದೇ ಇರೋನು ತಪ್ಪು ಒಪ್ಪಿಕೊಂಡ್ರೆ, ತಪ್ಪೇ ಆಗಿಲ್ಲ ಅಂತ ಅರ್ಥ. ಅವ್ರಿಗೂ ತೊಂದ್ರೆ ಇಲ್ಲ, ನಿಂಗೂ ಇಲ್ಲ. ಹೆಂಗೆ?"

ಅಲ್ಲಪ್ಪನಿಗೆ ಅದು ಅರ್ಥವಾಗಲಿಲ್ಲ, ಆದರೆ ಬಹಳ ಸರಿ ಎನಿಸಿತು. ಒಂದು ವೇಳೆ ರಾಯರಿಗೆ ಮೆಮೊ ಬಂದೇಬಿಟ್ಟರೆ ಹಗಲು ಡ್ಯೂಟಿಗೆ ಉಳಿಯುವವರು ಯಾರು ಎಂಬ ಯೋಚನೆಯೊಂದು ಬಾಗಿಲ ಸಂದಿಯಲ್ಲಿ ಇಣುಕಿತು. ಅದನ್ನು ಅವನು ಒಳಗೆ ಕರೆಯಲಿಲ್ಲ, ಹೊರಗೂ ಕಳಿಸಲಿಲ್ಲ.

ಎರಡು ಮೂವತ್ತಾರಕ್ಕೆ ತನ್ನ ಹೆಸರಿನಿಂದ ಹೊರಬಂದು ರಾಯರ ಹೆಸರಿನಲ್ಲಿ ಒಳಹೋದ. ಕಣ್ಣು ಮುಚ್ಚಿ ಹಸಿರು ಗುಂಡಿ ಒತ್ತಿದ.

"ಒಪ್ಪಿಕೊಂಡಿದ್ದಕ್ಕೆ ಧನ್ಯವಾದ," ಎಂದು ಅತ್ತಿಗೆ ಸುಮ್ಮನಾದಳು.

ಎಂಥ ಮೌನ! ಪಾಯಿಂಟ್ ತನ್ನ ಆಫೀಸಿಗೆ ಹೋದ. ಏಣಿ ಬೀಡಿ ಹುಡುಕುತ್ತ ಹೊರಗೆ ಹೋದ. ಆಗ ಅಲ್ಲಪ್ಪನಿಗೆ ತಾನಿನ್ನೂ ಊಟ ಮಾಡಿಲ್ಲ ಎಂಬುದು ಹೊಳೆಯಿತು. ಡಬ್ಬಿ ಬೆಚ್ಚಗಿರಲೆಂದು ಅದನ್ನು ಪ್ಯಾನಲ್ ಮೇಲಿಡುವುದು ಹಳೆಯ ಮೀಟರುಗಳ ಕಾಲದಿಂದ ನಡೆದುಬಂದ ಪದ್ಧತಿ. ಈ ಹೊಸ ಕ್ಯಾಬಿನೆಟ್ಟಿನ ಮೇಲಂತೂ ಕೆಳಗಿನಿಂದ ಬಿಸಿಗಾಳಿಯೇ ಬರುತ್ತದೆ, ಸರ್ಕಾರಿ ಒಲೆ. ಕಾಲ್ತುದಿಯಲ್ಲಿ ನಿಂತು ಚೀಲ ಎಳೆದ. ದಪ್ಪ ಬಟ್ಟೆಯ ಚೀಲ. ಅದು ಅಷ್ಟಗಲಕ್ಕೂ ಹರಡಿಕೊಂಡು ಕೂತಿದ್ದ ಜಾಗದಲ್ಲಿ ಒಂದು ಜಾಲರಿಯಿತ್ತು. ಜಾಲರಿಯಿಂದ ಬುಸ್ಸೆಂದು ಬಿಸಿಗಾಳಿ ಹೊರಬಂದು ಅವನ ಮುಖಕ್ಕೆ ಹೊಡೆಯಿತು.

ಪರದೆಯ ಮೇಲೆ ಅರವತ್ತೆಂಟು ಇದ್ದದ್ದು ಅರವತ್ತೈದಾಯಿತು. ಅರವತ್ತು. ಐವತ್ತೆರಡು. ನಲವತ್ತೊಂದು.

ಅಲ್ಲಪ್ಪ ಚೀಲವನ್ನು ನೋಡಿದ. ಪರದೆಯನ್ನು ನೋಡಿದ. ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಅಭ್ಯಾಸಬಲದಿಂದ ಬಾಯಿ ತೆರೆದ, ಆದರೆ "ನಾನಲ್ಲಪ್ಪ" ಎಂಬುದು ಮೊದಲ ಸಲ ಗಂಟಲಲ್ಲೇ ಉಳಿಯಿತು.

"ಕಾರಣ ಮತ್ತು ಕೈಗೊಂಡ ಕ್ರಮ ಬರೆಯಿರಿ," ಎಂದಿತು ಪರದೆ. ಬರೆಯದೆ ಮುಂದೆ ಹೋಗಲು ಬಿಡುತ್ತಿರಲಿಲ್ಲ. ಅಲ್ಲಪ್ಪ ಒಂದೊಂದೇ ಅಕ್ಷರ ಹುಡುಕಿ ಒತ್ತಿದ: "ಮೇಲಿನ ಜಾಲರಿಗೆ ವಸ್ತುವೊಂದು ಅಡ್ಡವಾಗಿತ್ತು. ತೆಗೆಯಲಾಗಿದೆ." ಯಾರು ಇಟ್ಟರು, ಯಾರು ತೆಗೆದರು, ಏನೂ ಇಲ್ಲ. ಇಪ್ಪತ್ತೈದು ವರ್ಷದ ಸರ್ವೀಸಿನಲ್ಲಿ ಅವನು ಕಲಿತಿದ್ದ ವ್ಯಾಕರಣವೆಲ್ಲ ಆ ಎರಡು ವಾಕ್ಯದಲ್ಲಿತ್ತು. ಎರಡೂ ನಲವತ್ತಮೂರಕ್ಕೆ ರಾಯರ ಹೆಸರಿನಿಂದ ಹೊರಬಂದು ತನ್ನ ಹೆಸರಿಗೆ ಮರಳಿದ, ಅಂಗಿಯ ಕಾಲರ್ ಸರಿಮಾಡಿಕೊಂಡ. ಊಟಕ್ಕೆ ಹೊತ್ತಿರಲಿಲ್ಲ.

ಮೂರಕ್ಕೆ ಸರಿಯಾಗಿ ದೊಡ್ಡ ಸಾಹೇಬರು ಬಂದರು. ಹಿಂದೆ ಜೆಇ ಮೇಡಂ, ಅವರ ಹಿಂದೆ ಪಾಯಿಂಟ್, ಎಲ್ಲರ ತಲೆಯ ಮೇಲೆ ಏಣಿ. ಸಾಹೇಬರು ಯಾರ ನಮಸ್ಕಾರಕ್ಕೂ ಕಾಯದೆ ಪರದೆಯ ಮುಂದೆ ಕೂತು, ಇವತ್ತಿನ ವರದಿ ತೆರೆದು ಓದತೊಡಗಿದರು. ಓದುತ್ತ ಓದುತ್ತ ಅವರ ಹುಬ್ಬು ಏರಿತು.

"ಮೂರನೇ ಕ್ಯಾಬಿನೆಟ್ ಬಿಸಿಯಾಗಿದ್ದನ್ನ ಒಪ್ಪಿಕೊಂಡಿದ್ದು ಯಾರು?"

ಆ ಕೋಣೆಯಲ್ಲಿ ಅಷ್ಟು ಗಟ್ಟಿಯಾಗಿ ಯಾರು ಏನು ಕೇಳಿದರೂ ಬರುವ ಉತ್ತರ ಒಂದೇ. ಹೆಂಡತಿಯ ಮಾತು ನೆನಪಾಗುವಷ್ಟರಲ್ಲಿ ಅದು ಬಂದೇಬಿಟ್ಟಿತ್ತು.

"ನಾನಲ್ಲ ಸಾರ್!"

"ಗೊತ್ತು ಕಣ್ರೀ," ಎಂದರು ಸಾಹೇಬರು. "ಅದನ್ನೇ ಓದ್ತಾ ಇದೀನಿ. ನೀವು ಐವತ್ತಾರು ನಿಮಿಷ ಇಲ್ಲೇ ಕೂತು ನೋಡಿದೀರಾ, ಒಪ್ಪಿಕೊಂಡಿಲ್ಲ. ಇವ್ರು ನೋಡಿ, ರಜದಲ್ಲಿದಾರೆ. ಹಲ್ಲು ಕೀಳಿಸ್ತಾ ಇದಾರೆ ಅಂತ ಅರ್ಜಿಯಲ್ಲಿದೆ. ಆ ನೋವಲ್ಲೂ ಮೊಬೈಲಿಂದ ಒಳಗೆ ಬಂದು, ಒಂದೇ ನಿಮಿಷದಲ್ಲಿ ಒಪ್ಪಿಕೊಂಡು, ಆರು ನಿಮಿಷದಲ್ಲಿ ಕಾರಣ ಹುಡುಕಿದಾರೆ! ಜಾಲರಿಗೆ ಏನೋ ಅಡ್ಡ ಇತ್ತಂತೆ. ಮನೇಲಿ ಕೂತೇ ತೆಗೆಸಿದಾರೆ. ಭೇಷ್! ನಾನು ಹುಡುಕ್ತಾ ಇದ್ದಿದ್ದು ಇಂಥ ಇನ್‌ಚಾರ್ಜನ್ನೇ."

ಅಲ್ಲಪ್ಪನ ಕೈಯಲ್ಲಿದ್ದ ಊಟದ ಚೀಲ ಇದ್ದಕ್ಕಿದ್ದಂತೆ ಐದು ಕೇಜಿ ಭಾರವಾಯಿತು.

"ಅಂದಹಾಗೆ ಅಡ್ಡ ಇದ್ದ ವಸ್ತು ಏನ್ರೀ? ಇಟ್ಟೋರು ಯಾರು?"

"ನಾ... ನಾನಲ್ಲ ಸಾರ್."

ಜೆಇ ಮೇಡಂ ಒಮ್ಮೆ ಜಾಲರಿ ನೋಡಿದರು, ಒಮ್ಮೆ ಚೀಲ ನೋಡಿದರು. ಹತ್ತಿರ ಬಂದು ಪಿಸುದನಿಯಲ್ಲಿ, "ಅಲ್ಲಪ್ಪನವ್ರೇ, ರಾಯರ ಹೆಸ್ರಲ್ಲಿ ಒತ್ತಿದ್ದು ನೀವೇ ಅಲ್ವಾ? ಹೇಳ್ಬಿಡಿ ಸಾಹೇಬ್ರಿಗೆ. ಡ್ಯೂಟಿ ನಿಮ್ದೇ ಆಗುತ್ತೆ," ಎಂದರು.

ಅಲ್ಲಪ್ಪ ಬಾಯಿ ತೆರೆದ. ಎದುರಿಗೆ ಗೋಡೆಯ ಮೇಲೆ ನೋಟಿಸು. 'ಸಸ್ಪೆಂಡ್' ಎಂಬ ಅಕ್ಷರಗಳು ಆನೆಯಷ್ಟು ದೊಡ್ಡದಾಗಿ ಕಂಡವು. ಅದರ ಪಕ್ಕದಲ್ಲಿ ಪಾಯಿಂಟ್ ನಿಂತು, ಬೆರಳೆತ್ತಿ, ಬೇಡ ಬೇಡ ಎಂದು ಆಡಿಸುತ್ತಿದ್ದ.

"ಹೇಳಿ, ಏನೂ ಆಗಲ್ಲ," ಎಂದರು ಮೇಡಂ.

ಅಲ್ಲಪ್ಪ ಬಾಯಿ ಮುಚ್ಚಿದ.

ಸಾಹೇಬರು ಅಲ್ಲಿಂದಲೇ ರಜಾರಾಯರಿಗೆ ಫೋನ್ ಮಾಡಿ, ಹೊರಗೆ ಹೋಗಿ ಐದು ನಿಮಿಷ ಮಾತಾಡಿ, ನಗುತ್ತ ಕಾರು ಹತ್ತಿದರು. ಕಾರು ಗೇಟು ದಾಟುತ್ತಿದ್ದಂತೆ ಅಲ್ಲಪ್ಪನ ಫೋನ್ ಬಡಿದುಕೊಂಡಿತು. ಬಾಯಿ ತುಂಬ ಹತ್ತಿ ತುಂಬಿಕೊಂಡ ರಾಯರು.

"ಅಲ್ಲಫ್ಫಾ, ಶಾಹೇಬ್ರು ಫೋನ್ ಮಾಡಿದ್ರು ಕಣೋ. ನಾನೇನೋ ಕಂಡುಹಿಡಿದೆ ಅಂದ್ರು. ಹಗಲು ಡ್ಯೂಟಿ ಅಂದ್ರು. ನಂಗೆ ಒಂದೂ ಅರ್ಥ ಆಗ್ಲಿಲ್ಲ. ಮಂಪರು ಬೇರೆ."

"ಮತ್ತೆ? ಏನಂದ್ರಿ?"

"ಏನನ್ಲಿ? ಒಪ್ಕೊಂಡೆ."

ಅದೇ ಹೊತ್ತಿಗೆ ಪರದೆಯ ಮೇಲೆ ಹೊಸ ಚೌಕವೊಂದು ಎದ್ದಿತು. ಈ ಸಲ ಕೆಂಪಲ್ಲ, ನೀಲಿ.

"ಹೊಸ ಪಾಳಿ ಪಟ್ಟಿ. ಆಪರೇಟರ್ ಒಂದು: ಹಗಲು. ಆಪರೇಟರ್ ಎರಡು: ರಾತ್ರಿ, ಮುಂದಿನ ಆದೇಶದವರೆಗೆ. ದಯವಿಟ್ಟು ಒಪ್ಪಿಕೊಳ್ಳಿ," ಎಂದಳು ಅತ್ತಿಗೆ.

ಇನ್ನು ಹಟ ಮಾಡಿ ಬರುವುದೇನು? ಅಲ್ಲಪ್ಪ ಬೆರಳು ಚಾಚಿ, ಜೀವಮಾನದಲ್ಲಿ ಮೊದಲ ಬಾರಿಗೆ, ತನ್ನದೇ ಹೆಸರಿನಲ್ಲಿ ಒತ್ತಿದ.

ಕಾಲು ನಿಮಿಷವೂ ಆಗಿರಲಿಲ್ಲ. ಹೆಂಡತಿಯ ಫೋನ್.

"ರೀ! 'ಆಪರೇಟರ್ ಎರಡು ಒಪ್ಪಿಕೊಂಡಿದ್ದಾರೆ' ಅಂತ ಮೆಸೇಜ್ ಬಂತು! ಹೊಸ ಪಾಳಿ ಅಂತಾನೂ ಇದೆ! ಹಗಲು ಡ್ಯೂಟಿ ಸಿಕ್ಕೇಬಿಡ್ತು ಅಲ್ವಾ? ಮಾತಾಡ್ಬೇಡಿ, ಮಾತಾಡ್ಬೇಡಿ, ಒಂದು ನಿಮಿಷ ಹಾಗೇ ಇರಿ, ಇಲ್ಲಿ ಕೇಳಿ..."

ಅವಳು ಫೋನನ್ನು ಒಲೆಯ ಹತ್ತಿರ ಹಿಡಿದಳು. ಹತ್ತೊಂಬತ್ತು ವರ್ಷ ಬಾಯಿ ಕಟ್ಟಿಕೊಂಡಿದ್ದ ಕುಕ್ಕರ್ ಅಲ್ಲಪ್ಪನ ಕಿವಿಯಲ್ಲಿ ಮನಸಾರೆ ಮೂರು ಸಲ ಕೂಗಿತು.